ಹಳೆಯ ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್ ಸೋರಿಕೆ: ಬಿಚ್ಚುವ ಮೊದಲು ಏನು ನೋಡಬೇಕು?

ಪ್ರಶ್ನೆ

ನನ್ನ ಬಳಿ ಬಹುಕಾಲ ಓಡಿಸದೆ ನಿಲ್ಲಿಸಿದ್ದ 250 ಸಿಸಿಯ ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ ಇದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಮಾದರಿ. ಮತ್ತೆ ಓಡಿಸತೊಡಗಿದ ಮೇಲೆ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆ, ಸೈಲೆನ್ಸರ್ ಪೈಪು ಸಿಲಿಂಡರಿಗೆ ಸೇರುವಲ್ಲಿ ಕಪ್ಪು ದ್ರವ ಒಸರುತ್ತಿದೆ, ಬಿಳಿ ಹೊಗೆ ದಟ್ಟವಾಗಿ ಬರುತ್ತಿದೆ, ಗೇರ್‌ಬಾಕ್ಸ್ ಆಯಿಲ್ ಕೂಡ ಇಳಿಯುತ್ತಿದೆ. ಇಂಜಿನ್ ಪೂರ್ತಿ ಬಿಚ್ಚಲೇಬೇಕೆಂದು ಒಬ್ಬರು ಹೇಳಿದರೆ, ಜೋಡಣೆಗಳಿಗೆ ಹೊರಗಿನಿಂದ ಸಿಲಿಕೋನ್ ಬಳಿದರೆ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ನೀವು ವಿವರಿಸಿರುವುದು ಒಂದು ಸೋರಿಕೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಕೆಳಗೆ ತೊಟ್ಟಿಕ್ಕುವುದರಿಂದ ನೆಲ ಹಾಳಾಗುತ್ತದೆಯೇ ಹೊರತು, ಆಯಿಲ್ ಮಟ್ಟವನ್ನು ನೋಡಿಕೊಳ್ಳುತ್ತಿದ್ದರೆ ಇಂಜಿನ್ನಿಗೆ ದೊಡ್ಡ ಅಪಾಯವಿಲ್ಲ. ಸೈಲೆನ್ಸರ್ ಬುಡದ ಕಪ್ಪು ದ್ರವ ಬಹುಮಟ್ಟಿಗೆ ಗಲೀಜಿನ ವಿಷಯ. ಬಿಳಿ ಹೊಗೆಯ ಜೊತೆಗೆ ಗೇರ್‌ಬಾಕ್ಸ್ ಆಯಿಲ್ ಇಳಿಯುತ್ತಿರುವುದೇ ನಿಜವಾಗಿ ಗಂಭೀರವಾದದ್ದು, ಅದು ಮಾತ್ರ ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ.

ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಸೋರಿಕೆ ಇದೆಯೆಂದು ನಂಬಬೇಡಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ, ಆಮೇಲೆ ಅದು ಕೇಸಿನ ಅಂಚು ಹಿಡಿದು ಎಲ್ಲಿ ತಗ್ಗಿದೆಯೋ ಅಲ್ಲಿಗೆ ಇಳಿಯುತ್ತದೆ. ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ರೆಕ್ಕೆಗಳ ಸಂದುಗಳ ಸಮೇತ ತೊಳೆದು, ಪೂರ್ತಿ ಒಣಗಿಸಿ, ಅನುಮಾನವಿರುವ ಜೋಡಣೆಗಳ ಮೇಲೆ ಟಾಲ್ಕಂ ಪುಡಿಯನ್ನು ತೆಳುವಾಗಿ ಉದುರಿಸಿ, ಇಂಜಿನ್ ಬಿಸಿಯಾಗುವಷ್ಟು ಮಾತ್ರ ಓಡಿಸಿ ಬನ್ನಿ. ಪುಡಿ ಮೊದಲು ಎಲ್ಲಿ ಒದ್ದೆಯಾಗಿದೆಯೋ ಅದರ ಅತ್ಯಂತ ಮೇಲಿನ, ಅತ್ಯಂತ ಮುಂದಿನ ಬಿಂದುವೇ ಮೂಲ. ಅಲ್ಲಿಯ ಎಣ್ಣೆಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿ: ಪೆಟ್ರೋಲಿನ ವಾಸನೆ ಇದ್ದರೆ ಅದು ಕಾರ್ಬುರೇಟರಿನಿಂದಲೋ ಕ್ರ್ಯಾಂಕ್‌ಕೇಸಿನಿಂದಲೋ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆ) ಬಂದದ್ದು, ಇಲ್ಲದಿದ್ದರೆ ಹೆಚ್ಚಾಗಿ ಗೇರ್‌ಬಾಕ್ಸಿನದು. ಆದರೆ ಕಾರ್ಬುರೇಟರಿನಿಂದ ಒಸರಿದ್ದರಲ್ಲಿ ಪೆಟ್ರೋಲ್ ಆರಿಹೋಗಿ ಆಯಿಲ್ ಮಾತ್ರ ಉಳಿದಿರಬಹುದು. ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಸವೆದ ಎಷ್ಟೋ ಗಾಡಿಗಳಲ್ಲಿ ಕ್ರ್ಯಾಂಕ್‌ಕೇಸ್ ಸೋರುತ್ತಿದೆ ಎಂಬ ತಪ್ಪು ತೀರ್ಮಾನಕ್ಕೆ ಇದೇ ಕಾರಣ.

ಸೈಲೆನ್ಸರ್ ಬುಡದಲ್ಲಿ ಒಸರುವುದು ಉರಿಯದೆ ಉಳಿದ ಆಯಿಲ್. ಜೋಡಣೆಯ ವಾಷರ್ ಹೊಸದು ಹಾಕಿ, ನಟ್ಟನ್ನು ಬಿಗಿ ಮಾಡಿ, ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೆ ಬಿಗಿ ಮಾಡಿ. ಇದಾದ ಮೇಲೂ ಒಸರಿದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ನೋಡಬೇಕು: ಚೋಕ್ ಪೂರ್ತಿ ಆಫ್ ಆಗುತ್ತಿದೆಯೇ, ಜೆಟ್ ಸರಿಯಾದ ಅಳತೆಯದೇ, ಗಾಡಿಯನ್ನು ಬರೀ ಹತ್ತಿರದ ಓಡಾಟಕ್ಕಷ್ಟೇ ಬಳಸುತ್ತಿದ್ದೀರೇ ಎಂದು. ಒಸರುವುದನ್ನು ನಿಲ್ಲಿಸಲೆಂದು ಪೆಟ್ರೋಲಿಗೆ ಬೆರೆಸುವ ಆಯಿಲ್ ಪ್ರಮಾಣವನ್ನು ಮನಬಂದಂತೆ ಇಳಿಸುವುದು ಮಾತ್ರ ಬೇಡ. ಕ್ರ್ಯಾಂಕಿನ ಬೇರಿಂಗಿಗೂ ಪಿಸ್ಟನ್ನಿಗೂ ಅದೊಂದೇ ಆಧಾರ.

ಉತ್ತರ 2

ಮೇಲಿನವರು ಕೊನೆಗೆ ಬಿಟ್ಟ ಹೊಗೆಯ ವಿಷಯವನ್ನು ನಾನು ಹೇಳುತ್ತೇನೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಒಂದು ಪಂಪಿನಂತೆ ದುಡಿಯುತ್ತದೆ: ಪಿಸ್ಟನ್ ಮೇಲೇರುವಾಗ ಒಳಗೆ ನಿರ್ವಾತ, ಕೆಳಗಿಳಿಯುವಾಗ ಒತ್ತಡ. ಈ ಕೋಣೆಯನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುವುದು ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್, ಅಂದರೆ ಶಾಫ್ಟಿನ ಸುತ್ತ ಕೂರುವ ರಬ್ಬರ್ ಉಂಗುರ. ಬಹುಕಾಲ ನಿಂತ ಗಾಡಿಯಲ್ಲಿ ಅದರ ಲಿಪ್ (ಶಾಫ್ಟಿಗೆ ತಾಗುವ ಒಳ ಅಂಚು) ಗಟ್ಟಿಯಾಗಿ ಶಾಫ್ಟಿನ ಮೇಲಿನ ಹಿಡಿತ ಬಿಡುತ್ತದೆ. ಆಗ ಪ್ರತಿ ಸುತ್ತಿನಲ್ಲೂ ಗೇರ್‌ಬಾಕ್ಸ್ ಆಯಿಲ್ ಒಳಕ್ಕೆ ಎಳೆಯಲ್ಪಟ್ಟು ಉರಿಯುತ್ತದೆ. ಎಷ್ಟು ಓಡಿಸಿದರೂ ನಿಲ್ಲದ ಹೊಗೆ, ಎಣ್ಣೆಯಲ್ಲಿ ನೆನೆದ ಸ್ಪಾರ್ಕ್ ಪ್ಲಗ್, ಇಳಿಯುವ ಆಯಿಲ್ ಮಟ್ಟ, ಈ ಮೂರೂ ಒಟ್ಟಿಗಿದ್ದರೆ ನಾನು ಬೇರೆ ಕಾರಣ ಹುಡುಕುವುದಿಲ್ಲ. ಕೆಲವೊಮ್ಮೆ ಇದು ತಿರುವುಮುರುವಾಗಿ, ಪೆಟ್ರೋಲ್ ಮಿಶ್ರಣವೇ ಗೇರ್‌ಬಾಕ್ಸಿಗೆ ನುಗ್ಗಿ ಅಲ್ಲಿಯ ಆಯಿಲ್ ತೆಳುವಾಗಿ ಪೆಟ್ರೋಲ್ ವಾಸನೆ ಹೊಡೆಯುವುದೂ ಉಂಟು.

ಇನ್ನೊಂದು ಬದಿಯ ಸೀಲ್, ಅಂದರೆ ಸ್ಪಾರ್ಕಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೋ ಬದಿಯದು, ಇದಕ್ಕಿಂತ ಅಪಾಯಕಾರಿ. ಅದು ಸವೆದರೆ ಒಳಕ್ಕೆ ಬರುವುದು ಆಯಿಲ್ ಅಲ್ಲ, ಗಾಳಿ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ನಿನ ವೇಗ ಇಳಿಯದೆ, ಪಿಸ್ಟನ್ ಮಿತಿಮೀರಿ ಬಿಸಿಯಾಗಿ ಕೊನೆಗೆ ಸೀಸ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಒಂದು ಸೀಲಿಗೆ ಕೈ ಹಾಕಿದರೆ ಎರಡನ್ನೂ ಬದಲಿಸಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅನುಮಾನ ಪರಿಹರಿಸಿಕೊಳ್ಳಲು ಒತ್ತಡ ಪರೀಕ್ಷೆ ಮಾಡಬಹುದು. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕಳಚಿ ಎರಡೂ ಬಾಯಿಗಳನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಪಿಸ್ಟನ್ನನ್ನು ಕೆಳತುದಿಗೆ ತಂದು, ಪ್ಲಗ್ ರಂಧ್ರದ ಮೂಲಕ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ಕೊಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲದೆ ಒತ್ತಡದ ಮೀಟರಿನ ಮುಳ್ಳು ಇಳಿದರೆ, ಗೇರ್‌ಬಾಕ್ಸಿನ ಆಯಿಲ್ ತುಂಬುವ ರಂಧ್ರದ ಮೇಲೂ ಸೋಪಿನ ಪೊರೆ ಎಳೆದು ನೋಡಿ. ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಬಿಟ್ಟರೆ ಚೆನ್ನಾಗಿದ್ದ ಸೀಲೂ ಜಾಗ ಬಿಟ್ಟು ಏಳುತ್ತದೆ.

ಉತ್ತರ 3

ಗೇರ್‌ಬಾಕ್ಸಿನ ಬ್ರೀದರ್ ರಂಧ್ರವನ್ನು, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿಯನ್ನು, ಮೊದಲು ನೋಡಿ. ಅದು ಮಣ್ಣು ಕಟ್ಟಿ ಮುಚ್ಚಿದ್ದರೆ ಬಿಸಿಯಾದ ಗಾಳಿಗೆ ದಾರಿಯಿಲ್ಲದೆ, ಗೇರ್ ಶಾಫ್ಟು, ಕಿಕ್ ಶಾಫ್ಟು, ಸ್ಪ್ರಾಕೆಟ್ ಹಿಂದಿನ ಸೀಲು, ಹೀಗೆ ಎಲ್ಲೆಡೆಯಿಂದ ಆಯಿಲ್ ಹೊರಬೀಳುತ್ತದೆ. ಮಟ್ಟಕ್ಕಿಂತ ಹೆಚ್ಚು ತುಂಬಿದರೂ ಇದೇ ಫಲ.

ಉತ್ತರ 4

ಸೀಲ್ ಹೊಸದಾದರೂ ಶಾಫ್ಟಿನಲ್ಲಿ ಗೀರು ಬಿದ್ದಿದ್ದರೆ ಸೋರಿಕೆ ನಿಲ್ಲುವುದಿಲ್ಲ. ಉಗುರನ್ನು ಶಾಫ್ಟಿನ ಉದ್ದಕ್ಕೆ ಎಳೆದಾಗ ತಡೆದರೆ ಅಲ್ಲಿ ಸವೆದು ತೋಡು ಬಿದ್ದಿದೆ ಎಂದರ್ಥ; ಮುಂದಿನ ಸ್ಪ್ರಾಕೆಟ್ಟಿನ (ಚೈನಿನ ಹಲ್ಲುಚಕ್ರ) ಹಿಂದೆ ಶಾಫ್ಟಿನ ಮೇಲೆ ಕೂರುವ ಕಾಲರ್ ಎಂಬ ಉಂಗುರದಲ್ಲಿ ಇದು ಸಾಮಾನ್ಯ. ಎರಡೂ ಬದಿ ಒಂದೇ ಆಕಾರದ ಕಾಲರ್ ಆಗಿದ್ದರೆ ತಿರುಗಿಸಿ ಹಾಕಬಹುದು. ಇಲ್ಲವಾದರೆ, ಜಾಗವಿದ್ದಲ್ಲಿ, ಲಿಪ್ ಹೊಸ ಮೇಲ್ಮೈಗೆ ತಾಗುವಂತೆ ಸೀಲನ್ನು ಒಂದು ಮಿಲಿಮೀಟರಿನಷ್ಟು ಸರಿಸಿ ಕೂರಿಸಬಹುದು. ಕಾಲರಿನ ಒಳಗಿನ ಓ-ರಿಂಗ್ ಬದಲಿಸುವುದನ್ನು ಬಹಳ ಜನ ಮರೆಯುತ್ತಾರೆ. ಕೂರಿಸುವಾಗ ಶಾಫ್ಟಿನ ಹಲ್ಲುಗಳ ಮೇಲೆ ತೆಳುವಾದ ಟೇಪ್ ಸುತ್ತಿ, ಲಿಪ್ಪಿಗೆ ಗ್ರೀಸ್ ಸವರಿ, ಸೀಲಿನ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಇಳಿಸಿ.

ಸಿಲಿಕೋನ್ ಬಗ್ಗೆ ಒಂದು ಮಾತು. ಸಾಮಾನ್ಯ ಸಿಲಿಕೋನ್ ಪೆಟ್ರೋಲ್ ತಾಗಿದರೆ ಉಬ್ಬಿ ಕಿತ್ತು ಬರುತ್ತದೆ, ಆದ್ದರಿಂದ ಕ್ರ್ಯಾಂಕ್‌ಕೇಸಿಗೂ ಸಿಲಿಂಡರಿನ ಬುಡಕ್ಕೂ ಅದು ಸಲ್ಲದು. ಹೊರಗಿನಿಂದ ಬಳಿಯುವುದಂತೂ ಎಲ್ಲಿಯೂ ನಿಲ್ಲುವುದಿಲ್ಲ. ಬುಡದ ಪ್ಯಾಕಿಂಗನ್ನು ಮೊದಲಿದ್ದ ದಪ್ಪದ್ದೇ ಹಾಕಬೇಕು. ದಪ್ಪ ಬದಲಾದರೆ ಪೋರ್ಟುಗಳು (ಸಿಲಿಂಡರಿನ ಗೋಡೆಯ ಕಿಂಡಿಗಳು) ತೆರೆಯುವ ಹೊತ್ತು ಬದಲಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಬ್ರೀದರ್ ಮುಚ್ಚಿಯೇ ಇತ್ತು. ತೆರೆದ ಮೇಲೆ ಕೆಳಗೆ ತೊಟ್ಟಿಕ್ಕುವುದು ಬಹಳ ಕಡಿಮೆಯಾಗಿದೆ, ಹೊಗೆ ಮಾತ್ರ ಹಾಗೆಯೇ ಇದೆ. ಕ್ಲಚ್ ಬದಿಯ ಸೀಲ್ ಬದಲಿಸಲು ಕ್ರ್ಯಾಂಕ್‌ಕೇಸನ್ನು ಎರಡು ಹೋಳು ಮಾಡಲೇಬೇಕೇ?

ಉತ್ತರ 2ರವರಿಂದ

ಅದು ಇಂಜಿನ್ನಿನ ವಿನ್ಯಾಸವನ್ನು ಅವಲಂಬಿಸಿದೆ. ಕೆಲವು ಇಂಜಿನ್ನುಗಳಲ್ಲಿ ಕ್ಲಚ್ಚು ಮತ್ತು ಪ್ರೈಮರಿ ಗೇರ್ ತೆಗೆದರೆ ಸೀಲ್ ಎದುರಿಗೇ ಸಿಗುತ್ತದೆ. ಅದರ ಲೋಹದ ಮುಖಕ್ಕೆ ಸಣ್ಣ ತಿರುಪು ತಿರುಗಿಸಿ ಇಕ್ಕಳದಿಂದ ಎಳೆಯಬಹುದು, ಆದರೆ ತಿರುಪು ಹಿಂದಿರುವ ಬೇರಿಂಗಿಗೆ ತಾಗದಂತೆ ಎಚ್ಚರ ಬೇಕು. ಇನ್ನು ಕೆಲವುಗಳಲ್ಲಿ ಸೀಲಿನ ಹೊರಸುತ್ತಿನ ಏಣು ಕೇಸಿನ ತೋಡಿನೊಳಗೆ ಸಿಕ್ಕಿಕೊಂಡಿರುತ್ತದೆ, ಅಂಥದ್ದು ಕೇಸ್ ಬಿಚ್ಚದೆ ಬರುವುದಿಲ್ಲ. ಬಿಡಿಭಾಗಗಳ ಪುಸ್ತಕದ ಚಿತ್ರದಲ್ಲಿ ಇದು ಸ್ಪಷ್ಟವಾಗಿರುತ್ತದೆ. ಬಿಚ್ಚಬೇಕಾಗಿ ಬಂದರೆ ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಆ ಗಾಯದಿಂದಲೇ ಮುಂದಿನ ಸೋರಿಕೆ ಶುರುವಾಗುತ್ತದೆ. ಕ್ರ್ಯಾಂಕಿನ ಬೇರಿಂಗುಗಳನ್ನೂ ಆಗಲೇ ಹೊಸದು ಹಾಕಿಸಿ.