ಓಎಇ ಎರಡು ಸಲ ‘ರೆಫರ್’: ಚೀಟಿಯಲ್ಲಿ ಏನು ಬರೆದು ಕಳಿಸಬೇಕು?

ಪ್ರಶ್ನೆ: ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯೆ, ಯಾದಗಿರಿ ಜಿಲ್ಲೆ

7 ವಾರದ ಹೆಣ್ಣು ಕೂಸು. ಎರಡೂ ಕಿವಿಗೆ ಓಎಇ (ಕೂಸಿನ ಕಿವಿಯ ಮೊದಲ ತಪಾಸಣೆ) ಎರಡು ಸಲ ರೆಫರ್ ಬಂದಿದೆ, ಅಂದರೆ ಪಾಸ್ ಆಗಿಲ್ಲ. ಹುಟ್ಟಿದಾಗ 8 ದಿನ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), 7 ದಿನ ಜೆಂಟಾಮೈಸಿನ್ (ಕಿವಿಗೆ ಹಾನಿ ಮಾಡಬಲ್ಲ ಆ್ಯಂಟಿಬಯೋಟಿಕ್), ಕಾಮಾಲೆಗೆ ಫೋಟೊಥೆರಪಿ. ತಂದೆ ತಾಯಿ ಸೋದರಸಂಬಂಧದವರು. ಕಲಬುರಗಿಗೆ ಕಳಿಸಬೇಕು. ಚೀಟಿಯಲ್ಲಿ ಬರೀ ‘ಕಿವಿ ಪರೀಕ್ಷೆ’ ಅಂತಿದ್ದರೆ ಎಷ್ಟೋ ಕಡೆ ಮತ್ತೆ ಓಎಇ ಮಾಡಿ ವಾಪಸ್ ಕಳಿಸ್ತಾರೆ. ಏನು ಬರೀಬೇಕು?

ಉತ್ತರ: ಆಡಿಯಾಲಜಿಸ್ಟ್, ಕಲಬುರಗಿ

ಮೇಡಂ, ಹೀಗೆ ಬರೀರಿ: ‘ಡಯಾಗ್ನೋಸ್ಟಿಕ್ ಬೆರಾ, ಎರಡೂ ಕಿವಿ, ಥ್ರೆಶೋಲ್ಡ್ ಸಮೇತ. ಕ್ಲಿಕ್ ಜೊತೆ 500ರಿಂದ 4000 ಹರ್ಟ್ಸ್ ತನಕ ಟೋನ್ ಬರ್ಸ್ಟ್. 1000 ಹರ್ಟ್ಸ್ ಪ್ರೋಬ್‌ನಲ್ಲಿ ಟಿಂಪನೊಮೆಟ್ರಿ.’ ಬೆರಾ ಅಂದರೆ ಶಬ್ದಕ್ಕೆ ಶ್ರವಣ ನರ, ಮಿದುಳುಕಾಂಡ ಕೊಡೋ ವಿದ್ಯುತ್ ಅಲೆ ನೋಡೋ ಪರೀಕ್ಷೆ; ಥ್ರೆಶೋಲ್ಡ್ ಅಂದರೆ ಅಲೆ ಬರೋ ಅತಿ ಸಣ್ಣ ಶಬ್ದದ ಮಟ್ಟ; ಕ್ಲಿಕ್, ಟೋನ್ ಬರ್ಸ್ಟ್ ಅದಕ್ಕೆ ಕೊಡೋ ಶಬ್ದಗಳು. ಟಿಂಪನೊಮೆಟ್ರಿ ಕಿವಿತಮಟೆ, ನಡುಗಿವಿ ನೋಡೋ ಪರೀಕ್ಷೆ. 6 ತಿಂಗಳೊಳಗಿನ ಕೂಸಿನ ಕಿವಿಯ ನಾಳ ಮೆತ್ತಗಿರುತ್ತೆ, ಟಿಂಪನೊಮೆಟ್ರಿಯನ್ನು 226 ಹರ್ಟ್ಸ್‌ನಲ್ಲಿ ಮಾಡಿದರೆ ಕಿವಿತಮಟೆ ಹಿಂದೆ ನೀರಿದ್ದರೂ ಸರಿ ಇದೆ ಅಂತ ತೋರಿಸಬಹುದು. ಎನ್‌ಐಸಿಯು ದಿನ, ಔಷಧ, ಬಿಲಿರುಬಿನ್ (ಕಾಮಾಲೆ ಮಟ್ಟ) ಅಂಕಿ, ಓಎಇ ಮಾಡಿದ ಎರಡೂ ತಾರೀಕು ಅದೇ ಚೀಟಿಯಲ್ಲಿರಲಿ.

ಕಳಿಸೋ ಮುಂಚೆ ಜಿಮ್ಸ್ (ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು) ಇಎನ್‌ಟಿ ವಿಭಾಗಕ್ಕೆ ಫೋನ್ ಮಾಡಿ, ಬೆರಾ ಯಾವ ದಿನ, ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಸಮಯ ಗೊತ್ತಿಲ್ಲದೆ ಹೊರಟರೆ ಕೂಸು ರೈಲಿನಲ್ಲೇ ನಿದ್ದೆ ಮುಗಿಸಿರುತ್ತೆ, ಪರೀಕ್ಷೆ ಹೊತ್ತಿಗೆ ಕಣ್ಣು ಬಿಟ್ಟು ಆಡುತ್ತಿರುತ್ತೆ. ಈ ವಯಸ್ಸಿಗೆ ಸಹಜ ನಿದ್ದೆ ಸಾಕು, ನಿದ್ದೆ ಔಷಧ ಬೇಡ. ದಾರಿಯಲ್ಲಿ ಎಚ್ಚರ ಇಟ್ಟು, ಎಲೆಕ್ಟ್ರೋಡ್ (ಅಲೆ ಹಿಡಿಯಲು ಚರ್ಮಕ್ಕೆ ಅಂಟಿಸೋ ತಂತಿ) ಹಚ್ಚಿದ ಮೇಲೆ ಹಾಲು ಕುಡಿಸಿ ಮಲಗಿಸಲು ಹೇಳ್ರಿ.

ಇನ್ನೊಂದು ಮಾತು ತಾಯಿಗೆ ಬಿಡಿಸಿ ಹೇಳಲೇಬೇಕು. ಹಿಂದಿನ ರಾತ್ರಿ ತಲೆಸ್ನಾನ ಮಾಡಿಸಲಿ. ಆಮೇಲೆ ನೆತ್ತಿಗೆ ಎಣ್ಣೆ, ಕಿವಿ ಹಿಂದೆ ಪೌಡರ್, ಹಣೆಗೆ ಕಾಡಿಗೆ ಬೊಟ್ಟು ಬೇಡ. ಎಲೆಕ್ಟ್ರೋಡ್ ಕೂರೋದು ಅದೇ ಹಣೆ ಮೇಲೆ, ಕಿವಿ ಹಿಂದಿನ ಎಲುಬಿನ ಮೇಲೆ. ಜಿಡ್ಡಿದ್ದರೆ ಇಂಪಿಡೆನ್ಸ್ (ಚರ್ಮದ ವಿದ್ಯುತ್ ತಡೆ) ಬೇಕಾದಂತೆ 5 ಕಿಲೊ ಓಮ್‌ಗಿಂತ ಕೆಳಗೆ ಇಳಿಯಲ್ಲ. ತಿಕ್ಕಿ ತಿಕ್ಕಿ ಒರೆಸುವಷ್ಟರಲ್ಲಿ ಕೂಸು ಎದ್ದುಬಿಡುತ್ತೆ, ಆ ದಿನ ಹೋದಂಗೇ. ಕಿವಿಯೊಳಗಂತೂ ಹನಿ ಎಣ್ಣೆಯೂ ಬೀಳಬಾರದು.

ಉತ್ತರ: ಮಕ್ಕಳ ತಜ್ಞ, ಬೀದರ್

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಕೂಸಿಗೆ ಓಎಇ ಪಾಸ್ ಆದರೂ ಬೆರಾ ಬೇಕೇ ಬೇಕು. ಓಎಇ ನೋಡೋದು ಕಾಕ್ಲಿಯಾದ (ಒಳಗಿವಿಯ ಶ್ರವಣ ಸುರುಳಿ) ಹೊರಗಿನ ರೋಮಕೋಶಗಳನ್ನು ಮಾತ್ರ, ನರವನ್ನಲ್ಲ. ಕಾಮಾಲೆ ತೀವ್ರವಾಗಿದ್ದವರಲ್ಲಿ ಆಡಿಟರಿ ನ್ಯೂರೋಪತಿ (ಶಬ್ದದ ಸಂಕೇತ ನರದಲ್ಲಿ ಸರಿಯಾಗಿ ಸಾಗದ ತೊಂದರೆ) ಇದ್ದರೆ ಓಎಇ ಪಾಸ್ ಆಗಬಹುದು, ಬೆರಾ ಖಾಲಿ. ಬೆರಾದಲ್ಲಿ ಅಲೆ ಬರದಿದ್ದರೆ ರೇರಿಫ್ಯಾಕ್ಷನ್, ಕಂಡೆನ್ಸೇಷನ್ (ಕ್ಲಿಕ್‌ನ ಎರಡು ವಿರುದ್ಧ ದಿಕ್ಕು) ಎರಡರಲ್ಲೂ ಬೇರೆ ಬೇರೆಯಾಗಿ ಕ್ಲಿಕ್ ಕೊಟ್ಟು ಕಾಕ್ಲಿಯರ್ ಮೈಕ್ರೊಫೋನಿಕ್ (ರೋಮಕೋಶಗಳ ವಿದ್ಯುತ್ ಸಂಕೇತ) ನೋಡಲು ಚೀಟಿಯಲ್ಲೇ ಕೇಳಿ. ಅದನ್ನು ನೋಡದೆ ‘ತೀವ್ರ ಕಿವುಡು’ ಅಂತ ಬರೆದುಬಿಟ್ಟರೆ ಚಿಕಿತ್ಸೆಯ ದಾರಿಯೇ ತಪ್ಪುತ್ತೆ.

ಸಿಎಂವಿ (ಕಿವುಡು ತರಬಲ್ಲ ಒಂದು ವೈರಸ್) ಸೋಂಕು ಹುಟ್ಟಿನಿಂದಲೇ ಬಂದದ್ದು ಅಂತ ಮೂತ್ರ ಪರೀಕ್ಷೆಯಿಂದ ಹೇಳಲು 21 ದಿನದೊಳಗೇ ಮಾಡಿಸಬೇಕು. ಈ ಕೂಸಿಗೆ ಆ ಗಡುವು ದಾಟಿದೆ. ಮುಂದಿನ ಕೂಸುಗಳಿಗೆ ಮೊದಲ ರೆಫರ್ ಬಂದ ಕೂಡಲೇ ಯೋಚಿಸಿ.

ಪ್ರಶ್ನೆ ಕೇಳಿದವರು

ಟಿಂಪನೊಮೆಟ್ರಿ ಫ್ಲಾಟ್ ಬಂದರೆ, ಅಂದರೆ ಕಿವಿತಮಟೆ ಹಿಂದೆ ನೀರಿದೆ ಅಂತ ತೋರಿಸಿದರೆ, ನೀರು ಒಣಗಲಿ ಅಂತ ಬೆರಾ ಮುಂದಕ್ಕೆ ಹಾಕಬೇಕಾ?

ಆಡಿಯಾಲಜಿಸ್ಟ್, ಕಲಬುರಗಿ

ಬೇಡ್ರಿ. ಅದೇ ನಿದ್ದೆಯಲ್ಲಿ ಬೋನ್ ಕಂಡಕ್ಷನ್ ಬೆರಾ (ಎಲುಬಿನ ಮೂಲಕ ಶಬ್ದ ಕೊಟ್ಟು) ಮಾಡಿದರೆ ಒಳಗಿವಿಯ ಸ್ಥಿತಿ ತಿಳಿಯುತ್ತೆ. ‘ನೀರಿದೆ, 2 ತಿಂಗಳು ಬಿಟ್ಟು ಬನ್ನಿ’ ಅನ್ನೋದರಲ್ಲೇ ಕೂಸುಗಳ ಕಾಲ ಕಳೆದುಹೋಗೋದು. 3 ತಿಂಗಳು ತುಂಬುವುದರೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಕಿವಿಯಂತ್ರ ಮತ್ತು ತರಬೇತಿ ಶುರುವಾಗಬೇಕು. ನಿಮ್ಮ ಕೈಯಲ್ಲಿ 5 ವಾರ ಇದೆ. ಕಲಬುರಗಿಯಲ್ಲಿ ತಾರೀಕು ದೂರ ಕೊಟ್ಟರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರೀರಿ. ಚೀಟಿಯ ಒಂದು ಪ್ರತಿ ಜಿಲ್ಲಾ ಡಿಇಐಸಿಯಲ್ಲೂ (ಮಕ್ಕಳ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡಿಸೋ ಜಿಲ್ಲಾ ಕೇಂದ್ರ) ಇರಲಿ, ಮನೆಯವರು ತಾರೀಕು ತಪ್ಪಿಸಿದರೆ ಅಲ್ಲಿಂದ ಫೋನ್ ಹೋಗುತ್ತೆ.