ಐದು ಪ್ಯಾಲೆಟ್ ಮ್ಯಾಲೆ ನಿಂತ್ಬಿಟ್ಟದ್ರಿ, ಮುಂದ ಹ್ಯಾಂಗ? (ಟ್ರಯಲ್ಸ್ ಸೈಕಲ್)

ತೊಗರಿ_ಕಣಜ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ನಾ ಟ್ರಯಲ್ಸ್ ಸೈಕಲ್ ಚಾಲೂ ಮಾಡಿ ಎರಡೂವರಿ ವರ್ಷ ಆತು. ಅದೇ ಸೀಟ್ ಇಲ್ಲದ್ದು, 20 ಇಂಚಿನ ಗಾಲಿ, ಕಾಲು ನೆಲಕ್ಕ ಊರದಂಗ ನಿಂತೇ ಹಾರಿಸೋದು. ಓಣ್ಯಾಗ ಮಂದಿ ಈಗ್ಲೂ "ಸೀಟ್ ಕಳುವಾಗ್ಯಾದೇನೋ ತಮ್ಮಾ" ಅಂತ ಕೇಳ್ತಾರ, ನಾ ಹೂಂ ಅಂತ ಹೋಗಿಬಿಡ್ತೀನಿ.

ಹಿಂದಿನ ಗಾಲಿ ಮ್ಯಾಲೆ ನಿಂದ್ರೋದು, ಪೆಡಲ್ ಕಿಕ್ (ಪೆಡಲ್ ಝಟಕನ ಒತ್ತಿ ಮುಂದಕ ಜಿಗಿಯೋದು), ಸಣ್ಣ ಗ್ಯಾಪ್ (ನಡುವಿನ ಸಂದು) ದಾಟೋದು ಎಲ್ಲ ಬರ್ತದ. ಗಂಜ್‌ದಾಗ ನಮ್ಮ ಮಾಮಾನ ದಾಲ್ ಮಿಲ್ ಅದ, ಅಲ್ಲಿ ಹಳಿ ಕಟಗಿ ಪ್ಯಾಲೆಟ್ (ಚೀಲ ಇಡೋ ಹಲಗಿ ಚೌಕಟ್ಟು) ಒಂದರ ಮ್ಯಾಲೊಂದು ಇಟ್ಟು ಸೈಡ್ ಹಾಪ್, ಅಂದ್ರ ಬಾಜೂಕ ನಿಂತು ಅಡ್ಡಕ್ಕ ಮ್ಯಾಲೆ ಜಿಗಿಯೋದು, ಮಾಡ್ತೀನಿ. ಐದು ಪ್ಯಾಲೆಟ್ ಅಂದ್ರ ಅಂದಾಜು 70 ಸೆಂಟಿಮೀಟರ್. ಹೋದ ದೀಪಾವಳಿಗೂ ಐದು, ಈ ದೀಪಾವಳಿಗೂ ಐದು. ಆರನೇದು ಇಟ್ಟೆ ಅಂದ್ರ ಹಿಂದಿನ ಗಾಲಿ ಅಂಚಿಗಿ ಬಡದು ಸೀದಾ ಕೆಳಗ, ಕಾಲಿನ ಎಲುಬಿಗಿ ಪೆಡಲ್ ಹೊಡದ ಗುರ್ತು ಎಣಿಸ್ಲಾಕ ಆಗಲ್ಲ. ಬ್ಯಾಸಿಗ್ಯಾಗ ಮುಂಜಾನಿ ಐದೂವರಿಗೇ ಹೋಗ್ತಿದ್ದೆ, ನಮ್ಮೂರ ಬಿಸಲು ಗೊತ್ತೇ ಅದಲ್ಲ, ಈಗ ಥಂಡಿ ಅದ ಅಂತ ಏಳಕ್ಕ. ದಿನಾ ಎರಡು ತಾಸು. ಹಂಗಂದ್ರ ಮೈಗಳ್ಳ ಅಲ್ಲ ನಾ.

ವಿದೇಶದ ದೊಡ್ಡ ರೈಡರ್‌ಗಳು ಎದಿ ಮಟ್ಟ ಹಾರಿಸ್ತಾರ, ಅದೂ ಹಂಗೇ ನಿಂತಲ್ಲಿಂದ. ಚಲೋ ಹೊಡಿಯೋನಿಗೂ ಅವರಿಗೂ ನಡುವ ಇರೋದು ಏನ್ರಿ? ತಾಕತ್ತೇನು, ಸೈಕಲ್ಲೇನು, ಇಲ್ಲಾ ಹುಟ್ಟತಾನೇ ಬರಬೇಕೇನು? ಇಲ್ಲಿ ಕೋಚ್ ಅನ್ನೋರು ಯಾರೂ ಇಲ್ಲ, ಗೊತ್ತಿದ್ದೋರು ಹೇಳ್ರಿ.

ಸ್ಪ್ಯಾನರ್_ಪಾನಾ (ಬೀದರ)

ಮೊದ್ಲ ಸೈಕಲ್ ಹೇಳ್ರಿ ಅಣ್ಣಾ. ಫ್ರೀವೀಲ್ (ಪೆಡಲ್ ಹಿಂದಕ ಖಾಲಿ ತಿರುಗಿ ಮುಂದಕ ಒತ್ತಿದ್ರ ಹಿಡಿಯೋ ಭಾಗ) ಎಷ್ಟು ಪಾಯಿಂಟಿಂದು, ಅಂದ್ರ ಒಂದು ಸುತ್ತಿಗಿ ಎಷ್ಟು ಕಡೆ ಹಿಡೀತದ? ಅಂಗಡ್ಯಾಗ ಸಿಗೋ ಸಾದಾ ಫ್ರೀವೀಲ್ 18 ಪಾಯಿಂಟಿಂದು ಇದ್ರ ಕಾಲು ಹಿಂದಕ ತಂದು ಮತ್ತ ಒತ್ತಬೇಕಾದ್ರ 20 ಡಿಗ್ರಿ ತನಕ ಖಾಲಿ ತಿರುಗ್ತದ. ಟ್ರಯಲ್ಸಿಗಂತಲೇ ಮಾಡಿದ್ದು 108 ಪಾಯಿಂಟಿಂದು ಬರ್ತದ, ಅದರಾಗ ಸುಮಾರು ಮೂರು ಡಿಗ್ರಿಗೇ ಹಿಡೀತದ. ಪ್ರತಿ ಕಿಕ್‌ಗೂ ಕ್ರ್ಯಾಂಕ್ (ಪೆಡಲ್ ಕೂಡಿಸಿದ ತೋಳು) ಒಂದೊಂದು ಜಾಗದಾಗ ನಿಂತ್ರ ಅಳತಿ ಹ್ಯಾಂಗ ಸಿಗಬೇಕು.

ಎರಡನೇದು ಬ್ರೇಕ್. ನಿಮ್ದು ರಿಮ್ ಬ್ರೇಕ್ ಇದ್ರ ರಿಮ್ಮಿಗಿ ಗ್ರೈಂಡರ್ ಹಚ್ಚೀರೇನು? ನಾ ನಮ್ಮ ಓಣಿ ವೆಲ್ಡಿಂಗ್ ಅಂಗಡ್ಯಾಗ ಹೋಗಿ ಗಾಲಿ ತಿರುವಿಕೋಂತ ರಿಮ್ಮಿನ ಬಾಜೂಕ ಸಣ್ಣಾಗಿ ಓರೆ ಗೀರು ಹಾಕಿಸಿದೆ, ಅವ "ಹೊಸಾ ರಿಮ್ ಯಾಕ ಹಾಳ ಮಾಡ್ತಿ ಮಾರಾಯ" ಅಂತ ಎರಡು ಸಲ ಕೇಳ್ದ. ಆದ್ರ ಆಮ್ಯಾಲ ಒಂದು ಬೆರಳಿನಾಗ ಗಾಲಿ ಗೋಡಿಗಿ ಮೊಳಿ ಹೊಡ್ದಂಗ ನಿಂದ್ರತದ. ಪ್ಯಾಡ್ ಬೇಗ ಸವೀತಾವ, ಹಿಂಡಿದ್ರ ಆಡು ಚೀರ್ದಂಗ ಚೀರ್ತದ, ಅದು ಭೀ ಇರ್ಲಿ. ಗಾಗಲ್ ಹಾಕ್ಕೊಂಡೇ ಮಾಡಿಸ್ರಿ. ಭಾಳ ಆಳ ಗೀರಬ್ಯಾಡ್ರಿ, ರಿಮ್ ತೆಳ್ಳಗಾಗಿ ಸೀಳ್ತದ.

ಗುಡ್ಡದ_ಕಲ್ಲು (ಯಾದಗಿರಿ)

ಸ್ಪ್ಯಾನರ್ ಸಾಹೇಬ್ರು ಹೇಳಿದ್ದು ಖರೆ, ಆದ್ರ ಅದು ಇಲ್ಲದಕ್ಕ ಐದರ ಮ್ಯಾಲೆ ನಿಂತದ ಅಂತ ನನಗ ಅನ್ಸಲ್ಲ. ತಮ್ಮಾ, ನೀ ವಿಡಿಯೋ ಮಾಡೀಯೇನು ನಿಂದು? ಆರನೇ ಪ್ಯಾಲೆಟ್ ಬ್ಯಾಡ, ಮೂರು ಇಟ್ಟು ಹಾರೋದು ವಿಡಿಯೋ ಮಾಡು, ಹಾರೋಕಿಂತ ಮೊದ್ಲ ಹಿಂದಿನ ಗಾಲಿ ಮ್ಯಾಲೆ ಎಷ್ಟು ಸಲ ಟಕ್ ಟಕ್ ಅಂತ ಜಿಗೀತಿ ಅಂತ ಎಣಿಸು, ಮ್ಯಾಲೆ ಹೋದ ಮ್ಯಾಲೆ ಸಮತೋಲ ಹಿಡೀಲಾಕ ಎಷ್ಟು ಸಲ ಜಿಗೀತಿ ಅದನೂ ಎಣಿಸು. ನಂದು ನಾ ಎಣಿಸಿದಾಗ ನಾಚಿಕಿ ಬಂತು, ಒಂದು ಜಿಗಿತಕ್ಕ ಹದಿನೊಂದು ಹಾಪ್! ಹತ್ತು ಹಾಪ್ ಹೆದರಿಕಿಗೆ, ಒಂದು ಕೆಲಸಕ್ಕ.

ದೊಡ್ಡವರಿಗೂ ನಮಗೂ ಫರಕ ಅದೇ ಅದ ಅಂತ ನನ್ನ ಲೆಕ್ಕ. ಅವರ ಎತ್ತರ ನೋಡಿ ನಾವು ಬೆರಗಾಗ್ತೀವಿ, ಖರೆ ನೋಡಬೇಕಾದ್ದು ಅವರು ಏನು ಮಾಡಲ್ಲ ಅನ್ನೋದು. ಸ್ಪರ್ಧಾದಾಗ ಒಂದು ಸೆಕ್ಷನ್ನಿಗಿ (ಕಲ್ಲು, ಅಡಚಣಿ ಇರೋ ಒಂದು ತುಂಡು ದಾರಿಗಿ) ಎರಡು ನಿಮಿಷ ಅಷ್ಟೇ, ಐದು ಸಲ ಕಾಲು ಊರಿದ್ರ ಅಲ್ಲಿಗೇ ಮುಗೀತು. ಪ್ರತಿ ಕಲ್ಲಿಗಿ ಹತ್ತು ಹಾಪ್ ಮಾಡಿಕೋಂತ ನಿಂತ್ರ ಅರ್ಧಕ್ಕೇ ಟೈಮ್ ಖಲಾಸ್, ತೊಡಿನೂ ಖಲಾಸ್.

ಮತ್ತ ಪ್ಯಾಲೆಟ್. ಪ್ಯಾಲೆಟ್ ಎಲ್ಲಾ ಒಂದೇ ನಮೂನಿ, ಸಪಾಟು, ನೀ ಅದಕ್ಕ ರೂಢಿ ಆಗಿಬಿಟ್ಟಿ. ನಮ್ಮ ಕಡೆ ಬಾ ಒಂದಿನ, ಯಾದಗಿರಿ ಶಹಾಪುರ ಕಡೆ ಗುಂಡುಗಲ್ಲಿನ ಗುಡ್ಡ ಬೇಕಾದಷ್ಟು ಅವ. ಒಂದು ಕಲ್ಲಿನಂಗ ಇನ್ನೊಂದು ಇಲ್ಲ, ಒಂದು ನಿನ್ನ ಕಡೆ ಇಳಿಜಾರು, ಒಂದರ ನೆತ್ತಿ ದುಂಡಗ, ಒಂದರ ಮ್ಯಾಲೆ ಗಾಲಿ ಇಡ್ಲಾಕ ಒಂದು ಗೇಣು ಜಾಗ. ಅಲ್ಲಿ ಮೊದ್ಲ ಸೈಕಲ್ ಬದಿಗಿಟ್ಟು ನಡದು ನೋಡಬೇಕು. ದೊಡ್ಡ ಸ್ಪರ್ಧಾದಾಗೂ ಹಂಗೇ, ಸೆಕ್ಷನ್ ಮ್ಯಾಲೆ ಸೈಕಲ್ ಹಚ್ಚಿ ಪ್ರಾಕ್ಟೀಸ್ ಮಾಡಂಗಿಲ್ಲ, ಕಾಲ್ನಡಗಿಲಿ ನೋಡಬೇಕು ಅಷ್ಟೇ. ಎಲ್ಲಿ ಗಾಲಿ ಇಡ್ಲಿ, ಅಲ್ಲಿಂದ ಮುಂದಿಂದಕ್ಕ ಮೈ ಯಾವ ಕಡೆ ತಿರುಗಿರಬೇಕು, ಇದನ್ನ ನೋಡೋ ಕಣ್ಣೇ ಬ್ಯಾರೆ. ನಾ ಕಲ್ಲು ನೋಡ್ತಿದ್ದೆ, ಒಳ್ಳೇವ್ರು ಕಲ್ಲಿನಾಚಿ ಕಲ್ಲು ನೋಡ್ತಾರ.

ಒಂದು ಮಾತು, ಕೋಟಿ (ಕಿಲ್ಲಾ) ಒಳಗ ಹೋಗಿ ಹಾರಸಬ್ಯಾಡ್ರಿ, ನಮ್ಮ ಕೋಟಿ ಇರ್ಲಿ ನಿಮ್ಮ ಕಲಬುರಗಿ, ಬೀದರ ಕೋಟಿ ಇರ್ಲಿ. ಹಳೇ ಕಲ್ಲು ಒಡೀತಾವ, ನಾಳಿ ಎಲ್ಲರಿಗೂ ಬಂದ್ ಆಗ್ತದ. ಶಹಾಬಾದ್ ಚಿತ್ತಾಪುರ ಕಡೆ ಪರಸಿ (ನೆಲಕ್ಕ ಹಾಸೋ ಕಲ್ಲು) ಕ್ವಾರಿ ಬಾಜೂಕ ವೇಸ್ಟ್ ಕಲ್ಲಿನ ಗುಂಪಿ ಇರ್ತಾವ, ಮಾಲಕರಿಗಿ ಕೇಳಿ ಹೋಗ್ರಿ. ಮಳಿ ಬಿದ್ದಾಗ ಮಾತ್ರ ಆ ಕಲ್ಲಿನ ಹತ್ರ ಸುಳೀಬ್ಯಾಡ್ರಿ, ಸಾಬಾಣದಂಗ.

ಸ್ಪ್ಯಾನರ್_ಪಾನಾ

ನಡದು ನೋಡೋದು ಹಾಪ್ ಎಣಿಸೋದು ಎಲ್ಲ ಬರೋಬರ್ ಅದ ಅಣ್ಣಾ, ಆದ್ರ ಆ ಮಟ್ಟಕ್ಕ ಹೋಗೋರು ಸಣ್ಣ ವಯಸ್ಸಿನಾಗೇ ಚಾಲೂ ಮಾಡಿರ್ತಾರ. ಮೋಟಾರ್‌ಸೈಕಲ್ ಟ್ರಯಲ್ಸಿನ ಟೋನಿ ಬೌ ನೋಡ್ರಿ, ಸ್ಪೇನ್‌ದವ, ಹುಡುಗ ಇದ್ದಾಗ ಟ್ರಯಲ್ಸ್ ಸೈಕಲ್ಲೇ ಹೊಡೀತಿದ್ದ, ಆಮ್ಯಾಲ ಮೋಟಾರಿಗಿ ಬಂದ, 2007ರಿಂದ 2024ರ ತನಕ ಒಂದು ವರ್ಷ ಬಿಡದಂಗ ಒಳಾಂಗಣದ್ದೂ ಹೊರಗಿಂದೂ ಎರಡೂ ವಿಶ್ವ ಪಟ್ಟ, ಒಟ್ಟು 36. ಅವರಲ್ಲಿ ಊರೂರಿಗಿ ಕ್ಲಬ್ ಅವ. ನಮ್ಮಲ್ಲಿ 25 ವರ್ಷಕ್ಕ ಪ್ಯಾಲೆಟ್ ಹುಡುಕ್ಲಾಕ ಹೋಗ್ತೀವಿ. ಇದು ಭೀ ಒಂದು ಕಾರಣ ಹೌದಿಲ್ಲೋ?

ಗುಡ್ಡದ_ಕಲ್ಲು

ಕಾರಣ ಹೌದು. ಆದ್ರ ಈ ತಮ್ಮ ವಿಶ್ವ ಪಟ್ಟ ಕೇಳಿಲ್ಲಲ್ಲ, ಆರನೇ ಪ್ಯಾಲೆಟ್ ಕೇಳ್ಯಾನ 😀 ಸ್ಕಾಟ್ಲೆಂಡಿನ ಟ್ರಯಲ್ಸ್ ಸೈಕಲ್ ರೈಡರ್ ಡ್ಯಾನಿ ಮ್ಯಾಕ್ಆಸ್ಕಿಲ್ 2009ರಾಗ ಎಡಿನ್‌ಬರೋದಾಗ ವಿಡಿಯೋ ಮಾಡಿದಾಗ ಸೈಕಲ್ ಅಂಗಡ್ಯಾಗ ಮೆಕ್ಯಾನಿಕ್ ಇದ್ದ. ಆ ವಿಡಿಯೋದಾಗ ಮೊನಚು ಕಂಬಿ ಬೇಲಿ ಮ್ಯಾಲೆ ಸೈಕಲ್ ಓಡಿಸಿದ್ದು ಒಂದೇ ಸಲಕ್ಕ ಆಗಿದ್ದಲ್ಲ, ಅದರಾಗೇ ಬೀಳೋದೂ ತೋರಿಸ್ಯಾರ. ಆ ಊರಾಗ ಅವನಿಗಿ ಸಿಕ್ಕಿದ್ದು ಗೋಡಿ, ಬೇಲಿ. ನಿನಗ ಸಿಕ್ಕಿದ್ದು ಗಂಜು.

ಗರಡಿ_ಮಣ್ಣು (ಕಲಬುರಗಿ, ಆಳಂದ ರೋಡ್)

ನನಗ ಈ ಸೈಕಲ್ ಆಟ ತಿಳಿಯಂಗಿಲ್ಲ, ನಾ ಕುಸ್ತಿ ಆಡಿದಂವ, ಈಗ ವಯಸ್ಸಾಗ್ಯಾದ, ನನ್ನ ಮೊಮ್ಮಗ ಇದರ ಹುಚ್ಚು ಹಿಡಿಸಿಕೊಂಡಾನಂತ ಓದ್ಲತ್ತೀನಿ. ಎರಡು ಮಾತು ಹೇಳ್ತೀನಿ, ಹೊಂದಿದ್ರ ತಗೋ ಮಗಾ.

ಎರಡು ತಾಸು ಎತ್ತರಕ್ಕೇ ಹಾರತೀ ಏನು? ಅದು ತಪ್ಪು. ದಣದ ಮೈ ತಪ್ಪನ್ನೇ ಕಲೀತದ. ನಮ್ಮ ಉಸ್ತಾದ್ರು ಹೊಸಾ ಪಟ್ಟು ಹಾಕಿಸ್ತಿದ್ರು ಮೈ ತಾಜಾ ಇದ್ದಾಗ, ಹತ್ತು ಹದಿನೈದು ಸಲ, ನಡುವ ಉಸುರು ಬಿಡ್ಲಾಕ ಪುರಸತ್ತು ಕೊಟ್ಟು. ಆಮ್ಯಾಲ ಬಿಡು ಅಂತಿದ್ರು. ನಾವು ಇನ್ನೊಂದ್ಸಲ ಅಂದ್ರ ಬೈತಿದ್ರು.

ಎರಡನೇದು, ಎಡಗಡಿ. ಬಲಗಡಿ ಪಟ್ಟು ಬರೋ ಪೈಲ್ವಾನರು ಊರು ತುಂಬ ಇದ್ರು, ಎದುರಿನಂವ ನಿನಗ ಬೇಕಾದ ಕಡೇನೇ ನಿಂದ್ರತಾನೇನು? ನಿಮ್ಮ ಸೈಕಲ್ಲಿನಾಗೂ ಹಂಗೇ ಇರಬೇಕು ಅಂತ ನನ್ನ ಅಂದಾಜು. ಮೊಮ್ಮಗ ಬಲಕ್ಕ ಹಾರ್ತಾನ, ಎಡಕ್ಕ ಅಂದ್ರ ಚಾ ಕುಡೀಲಾಕ ಹೋಗ್ತಾನ.

ಇನ್ನೊಂದು, ಅವ ಅಂಗಳದಾಗ ಹಾರಬೇಕಾದ್ರ ನಾ ಒಳಗ ಕುಂತು ಸಪ್ಪಳ ಕೇಳ್ತೀನಿ. ಒಮ್ಮೊಮ್ಮೆ ಧಪ್ ಅಂತದ, ಒಮ್ಮೊಮ್ಮೆ ಟಪ್. ಟಪ್ ಅಂದಾಗ ಹೊರಗ ಬಂದು ನೋಡಿದ್ರ ಮೊಣಕಾಲು ಮಡಚಿರ್ತಾವ, ಎದಿ ಮುಂದಿರ್ತದ. ಧಪ್ ಅಂದಾಗ ಹಿಂದಕ ಜೋತಿರ್ತಾನ.

ಗುಡ್ಡದ_ಕಲ್ಲು

ಅಜ್ಜಾರ, ನೀವು ಸೈಕಲ್ ತಿಳಿಯಂಗಿಲ್ಲ ಅನ್ಕೋಂತ ಎಲ್ಲಾ ಹೇಳಿಬಿಟ್ರಿ! ಆ ಧಪ್ಪೇ ಅದರಿ ಸಮಸ್ಯಾ. ತಮ್ಮಾ, ನೀ ಬಹುಶಃ ಕೈಲೇ ಹ್ಯಾಂಡಲ್ ಜಗ್ಗತಿ. ಮೊದ್ಲ ಮೈ ಪೂರಾ ನೆಟ್ಟಗಾಗಬೇಕು, ಕಾಲು ಸೊಂಟ ಎಲ್ಲಾ ಬಿಚ್ಚಿ ಮ್ಯಾಲೆ ಹೋಗಬೇಕು, ಆಮ್ಯಾಲ ಕಾಲು ಮಡಚಿ ಸೈಕಲ್ಲನ್ನ ಕೆಳಗಿಂದ ಮ್ಯಾಲೆ ಕರ್ಕೋಬೇಕು. ಅವಸರ ಮಾಡಿ ಮೊದಲೇ ಮಡಚಿದ್ರ ಅಲ್ಲೇ ಐದಕ್ಕ ನಿಂದ್ರತದ. ಸೈಕಲ್ ಇಲ್ಲದೇ ಐದು ಪ್ಯಾಲೆಟ್ ಮ್ಯಾಲೆ ಎರಡೂ ಕಾಲು ಕೂಡಿಸಿ ಜಿಗಿ, ಆ ನೆನಪು ಮೈಯಾಗ ಇರಲಿ. ಹೆಲ್ಮೆಟ್, ಕಾಲಿಗಿ ಗಾರ್ಡ್ ಬಿಡಬ್ಯಾಡ.

ತೊಗರಿ_ಕಣಜ

ಮೂರು ವಾರ ಬಿಟ್ಟು ಬರೀಲತ್ತೀನಿ. ವಿಡಿಯೋ ಮಾಡಿ ಎಣಿಸಿದೆ. ಹಾರೋಕಿಂತ ಮೊದ್ಲ ಏಳು, ಮ್ಯಾಲೆ ಹೋಗಿ ನಾಕು. ಎರಡೇ ಹಾಪ್‌ಗೆ ಹಾರಬೇಕು ಅಂತ ನೇಮ ಮಾಡ್ಕೊಂಡೆ, ಮೊದಲ ದಿನ ನಾಕು ಪ್ಯಾಲೆಟ್ಟಿಗೇ ಬಿದ್ದೆ, ಮಿಲ್ಲಿನ ಹಮಾಲರು ನಕ್ಕು ನಕ್ಕು ಸಾಕಾದ್ರು, ಹೋದ ವರ್ಷಕಿಂತ ಹಿಂದಕ ಹೋಗ್ಯಾನ ಅಂತ. ಎಡಗಡಿ ಅಂತೂ ಎರಡು ಪ್ಯಾಲೆಟ್ ಹತ್ತಲಾಕ ವಾರ ಹಿಡೀತು, ಅಜ್ಜಾರು ಹೇಳಿದಂಗ ನನಗೂ ಚಾ ನೆನಪಾಗ್ತಿತ್ತು.

ಈಗ ನಾಕು ಪ್ಯಾಲೆಟ್ ಎರಡು ಹಾಪ್‌ನಾಗ ಬಲಕ್ಕ ಹೋಗ್ತದ, ಎಡಕ್ಕ ಮೂರು. ದಿನಾ ಹದಿನೈದೇ ಸಲ ಎತ್ತರಕ್ಕ, ಉಳದ ಟೈಮ್ ಸಣ್ಣದ್ರಾಗ. ನಿನ್ನಿ ಐದಕ್ಕ ಹೋದಾಗ ಒಬ್ಬ ಹಮಾಲಣ್ಣ ಚೀಲ ಹೊತ್ಕೊಂಡು ಹೊಂಟಂವ ತಿರುಗಿ ನೋಡಿ "ಹಾರಿದೇನು? ಸಪ್ಪಳೇ ಬರಲಿಲ್ಲಲ್ಲ" ಅಂದ. ಆರು ಇನ್ನೂ ಆಗಿಲ್ಲ, ಗಾಲಿ ಅಂಚಿನ ಮ್ಯಾಲೆ ಕುಂತು ಜಾರ್ತದ, ಮೊದ್ಲ ಅಂಚಿಗಿ ಬಡದು ಸೀದಾ ಕೆಳಗ ಬೀಳ್ತಿತ್ತು. ಫ್ರೀವೀಲ್ ರೊಕ್ಕ ಕೂಡಿಸ್ಲತ್ತೀನಿ ಸ್ಪ್ಯಾನರ್ ಅಣ್ಣಾ, ನಂದು 18ರದ್ದೇ.

ಈಗ ಒಂದು ಫಜೀತಿ. ಹೊಸಾ ತೊಗರಿ ಬರ್ಲತದಂತ ಮಾಮಾ ಪ್ಯಾಲೆಟ್ ಎಲ್ಲಾ ವಾಪಸ್ ಕೇಳ್ಯಾನ, ಮುಂದಿನ ವಾರದಿಂದ ಜಾಗಾನೂ ಇರಲ್ಲ. ಶಹಾಬಾದ್ ಕಡೆ ಕ್ವಾರಿ ಮಾಲಕರು ಯಾರಾದ್ರೂ ಪರಿಚಯ ಇದ್ರ ತಿಳಿಸ್ರಿ. ಯಾದಗಿರಿ ಅಣ್ಣಾ, ರವಿವಾರ ಮುಂಜಾನಿ ಟ್ರೇನಿಗಿ ಸೈಕಲ್ ಹಾಕ್ಕೊಂಡು ಬಂದ್ರ ನಡೀತದೇನು?