ಹಣೆಯ ಸುತ್ತ ಕಟ್ಟುವ ಒಡವೆಗೆ ಏನನ್ನೋಣ?

ಗೆಳೆಯರೇ,

ಒಂದು ಪದಕ್ಕಾಗಿ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ 'ಲಾ ಬೆಲ್ ಫೆರೊನಿಯೇರ್' ಎಂಬ ಚಿತ್ರವಿದೆ. 1490ರ ದಶಕದಲ್ಲಿ, ಮಿಲಾನಿನಲ್ಲಿದ್ದಾಗ, ಲಿಯೊನಾರ್ಡೊ ಡ ವಿಂಚಿ ಅಕ್ರೋಟ್ ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಕೆಂಪು ಉಡುಪಿನ ಹೆಂಗಸು. ಯಾರೆಂದು ಇವತ್ತಿಗೂ ಖಚಿತವಿಲ್ಲ. ದೊರೆ ಲುಡೊವಿಕೊ ಸ್ಫೋರ್ಜಾನ ಪ್ರೇಯಸಿ ಲುಕ್ರೇಜಿಯಾ ಕ್ರಿವೆಲ್ಲಿ ಎನ್ನುವವರಿದ್ದಾರೆ, ಅವನ ಹೆಂಡತಿಯೇ ಎನ್ನುವವರೂ ಇದ್ದಾರೆ.

ಅವಳ ಹಣೆಯ ಸುತ್ತ ತೆಳುವಾದ ಒಂದೆಳೆ, ನಡುವೆ ಪುಟ್ಟ ಹರಳು. ನನ್ನ ತೊಡಕು ಅದೇ.

'ಬೈತಲೆ ಬೊಟ್ಟು' ಬೈತಲೆಯ ಮೇಲಿಂದ ಇಳಿಯುತ್ತದೆ, ಇದು ತಲೆಯನ್ನು ಬಳಸಿ ಬರುತ್ತದೆ. 'ಬಾಸಿಂಗ' ಅಂದರೆ ಮದುಮಗಳಾಗಿಬಿಡುತ್ತಾಳೆ. 'ಪಟ್ಟ' ನಿಜಕ್ಕೂ ಹಣೆಗೆ ಕಟ್ಟುವುದೇ. ಹಿಂದೆ ಅರಸರಿಗೆ ಪಟ್ಟ ಕಟ್ಟುತ್ತಿದ್ದುದು ಹಣೆಗೆ ತಾನೆ? ಆದರೆ ಈಗ ಆ ಮಾತು ಕೇಳಿದರೆ ಸಿಂಹಾಸನವೇ ಕಣ್ಣಿಗೆ ಬರುತ್ತದೆ, ಇವಳು ಪಟ್ಟದ ರಾಣಿಯಾಗುತ್ತಾಳೆ. ಯಾರೆಂದೇ ಗೊತ್ತಿಲ್ಲದವಳಿಗೆ ಸುಮ್ನೆ ಒಂದು ಗುರುತು ಕೊಟ್ಟಂತೆ.

'ಹಣೆಪಟ್ಟಿ' ಸರಿಹೋಗುತ್ತಿತ್ತು. ಆದರೆ ಈಗ ಹಣೆಪಟ್ಟಿ ಕಟ್ಟುವುದೆಂದರೆ ಇಂಥವರು ಎಂದು ಮುದ್ರೆ ಒತ್ತುವುದು. ತಮಾಷೆ ಎಂದರೆ ಈ ಚಿತ್ರಕ್ಕೂ ಆದದ್ದು ಅದೇ! ಫೆರೊನಿಯೇರ್ ಎಂದರೆ ಕಬ್ಬಿಣದ ಸಾಮಾನಿನವನ ಹೆಂಡತಿ. ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್‌ಗೆ ಅಂಥ ಪ್ರೇಯಸಿಯಿದ್ದಳು ಎಂಬ ಕತೆ ಇತ್ತು. ಬೇರೊಂದು ಚಿತ್ರಕ್ಕೆ ಸೇರಿದ್ದ ಆ ಹೆಸರು ಗೊಂದಲದಲ್ಲಿ ಇದಕ್ಕೆ ಅಂಟಿಕೊಂಡಿತು. ಅವನು ಪಟ್ಟಕ್ಕೆ ಬಂದದ್ದೇ 1515ರಲ್ಲಿ, ಈ ಚಿತ್ರ ಬರೆದು ಎಷ್ಟೋ ವರ್ಷಗಳಾದ ಮೇಲೆ. ಆಮೇಲೆ 19ನೆಯ ಶತಮಾನದಲ್ಲಿ ಹೆಂಗಸರು ಮತ್ತೆ ಇಂಥ ಒಡವೆ ತೊಡತೊಡಗಿದಾಗ, ಚಿತ್ರದ ಹೆಸರೇ ಒಡವೆಗೂ ಬಂತು. ಒಡವೆಗೂ ಕಬ್ಬಿಣಕ್ಕೂ ನಂಟೇ ಇಲ್ಲ. ಹಾಗಾಗಿ ಫ್ರೆಂಚ್ ಪದದ ಅರ್ಥ ಹಿಡಿದು ಹೊರಟರೆ ಕೆಟ್ಟೆವು.

ಮಿಲಾನಿನವರು ಇದನ್ನು 'ಲೆಂಜಾ' ಎನ್ನುತ್ತಿದ್ದರು. ಇಟಾಲಿಯನ್‌ನಲ್ಲಿ ಮೀನಿನ ಗಾಳದ ದಾರಕ್ಕೂ ಅದೇ ಮಾತು. ಅವರು ಹರಳು ಬಿಟ್ಟು ಎಳೆಯನ್ನು ಹಿಡಿದು ಹೆಸರಿಟ್ಟಿದ್ದಾರೆ. ಅದಕ್ಕೇ ನನ್ನ ಒಲವು 'ಹಣೆದಾರ'ದ ಕಡೆ. ತೀರಾ ಬಡವಾಯಿತು ಎಂದರು ನನ್ನವರು. ಬೆಳ್ಳಿಯದಾದರೂ ಉಡಿದಾರವನ್ನು ದಾರವೆಂದೇ ಕರೆಯುತ್ತೇವೆ, ಅಲ್ವಾ?

ನಿಮ್ಮ ಕಡೆ ಅಜ್ಜಿಯರ ಬಾಯಲ್ಲಿ ಇಂಥ ಒಡವೆಗೆ ಬೇರೆ ಹೆಸರಿದ್ದರೆ, ಊರಿನ ಹೆಸರಿನ ಜೊತೆ ತಿಳಿಸಿ.